ಬೂಟಿನ ಕೋಣೆಯಲ್ಲಿ ಉಬ್ಬಿದ ದೋಸೆ ಹಿಟ್ಟು

ಗಂಡಂದಿರು ಮಾಡುವ ತ್ಯಾಗವನ್ನು ಯಾರೂ ಪೂರ್ತಿ ನಂಬಬಾರದು. ನಾನೇ ಒಬ್ಬ ಗಂಡನಾಗಿರುವುದರಿಂದ ಇದನ್ನು ಸ್ವಲ್ಪ ಅಧಿಕಾರದಿಂದಲೇ ಹೇಳುತ್ತಿದ್ದೇನೆ. "ನೀನು ನಿಮ್ಮ ಅಕ್ಕನ ಮನೆಗೆ ಹೋಗಿ ಬಾ, ಮನೆ ಕಡೆ ನಾನು ನೋಡಿಕೊಳ್ಳುತ್ತೇನೆ" ಎಂದು ಗಂಡನೊಬ್ಬ ಉದಾರವಾಗಿ ಹೇಳಿದರೆ, ಆ ಅಕ್ಕನ ಯಜಮಾನರು ತಮ್ಮ ಹಿತ್ತಲಿನ ಟೊಮೇಟೊ ಗಿಡಗಳ ಫೋಟೋಗಳನ್ನು ಮೊಳಕೆಯಿಂದ ಹಿಡಿದು ತೋರಿಸುವವರು ಎಂದು ತಿಳಿಯಬೇಕು. "ಕೊನೆಯ ಹೋಳಿಗೆ ನೀನೇ ತಿನ್ನು" ಎಂದರೆ ಅವನು ಆಗಲೇ ಅಡುಗೆಮನೆಯಲ್ಲಿ ನಿಂತುಕೊಂಡೇ ಮೂರು ಮುಗಿಸಿದ್ದಾನೆ. ತ್ಯಾಗವನ್ನು ಸ್ವಲ್ಪ ಕೆರೆದು ನೋಡಿದರೆ ಒಳಗೆ ಸೋಮಾರಿತನ ಇರುತ್ತದೆ, ಇಲ್ಲವೇ ಹೆದರಿಕೆ ಇರುತ್ತದೆ. ನನ್ನ ವಿಷಯದಲ್ಲಿ ಸಾಮಾನ್ಯವಾಗಿ ಎರಡೂ ಇರುತ್ತವೆ.

ಹೋದ ಜನವರಿಯಲ್ಲಿ ಆಲ್ಪ್ಸ್ ಪರ್ವತದ ಒಂದು ಸ್ಕೀ ಊರಿನಲ್ಲಿ, ವಾರದ ಮಟ್ಟಿಗೆ ಬಾಡಿಗೆಗೆ ಹಿಡಿದ ಪುಟ್ಟ ಅಪಾರ್ಟ್‌ಮೆಂಟಿನಲ್ಲಿ, ನಾನು ಹೆಂಡತಿಯನ್ನು ಒಲೆಯ ಹತ್ತಿರ ಸುಳಿಯಲೂ ಬಿಡದೆ ಆರು ದಿನ ಒಬ್ಬನೇ ಅಡುಗೆ ಮಾಡಿದೆ. ಈ ಸುದ್ದಿ ಡಾಲಸ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ಹಬ್ಬಿ, ಎಲ್ಲರೂ ಒಂದೊಂದು ಅಡುಗೆ ಮಾಡಿ ತರುವ ಯುಗಾದಿಯ ಪಾಟ್‌ಲಕ್ಕಿನಲ್ಲಿ ಹೆಂಗಸರು ನನ್ನನ್ನು ಬೆರಳು ಮಾಡಿ ತೋರಿಸಿ ತಂತಮ್ಮ ಗಂಡಂದಿರ ಮುಖ ನೋಡಿದರು. ಇಬ್ಬರು ಗೆಳೆಯರು ಅವತ್ತಿನಿಂದ ನನ್ನ ಫೋನ್ ಎತ್ತುತ್ತಿಲ್ಲ. ಅವರ ಸಂಸಾರದ ನೆಮ್ಮದಿಗಾದರೂ ನಿಜ ಹೇಳಿಬಿಡುವುದು ಒಳ್ಳೆಯದು ಎಂದುಕೊಂಡು ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಂಡತಿ ವಸುಧಾ ಧಾರವಾಡದವಳು, ಅರಿವಳಿಕೆ ಕೊಡುವ ಡಾಕ್ಟರು. ದಿನವೆಲ್ಲ ಆಪರೇಷನ್ ಕೋಣೆಯಲ್ಲಿ ಜನರನ್ನು ಮಲಗಿಸಿ ಎಬ್ಬಿಸಿ, ಸಂಜೆ ಮನೆಗೆ ಬಂದು ಕೈ ತೊಳೆದು ಪಲ್ಯಕ್ಕೆ ಹೆಚ್ಚುವವಳು. ಅವಳ ತಂದೆಯ ದವಾಖಾನೆಯ ಗೋಡೆಗೆ ಯಾವುದೋ ಔಷಧದ ಕಂಪನಿಯವರು ಕೊಟ್ಟ ಕ್ಯಾಲೆಂಡರ್ ಇತ್ತಂತೆ. ಅದರಲ್ಲಿ ಹಿಮದ ಬೆಟ್ಟ, ಕೆಂಪು ಕೋಟು ಹಾಕಿಕೊಂಡು ಜಾರಿ ಬರುವ ಒಬ್ಬ ಹೆಂಗಸು. ವರ್ಷ ಮುಗಿದರೂ ಆ ಹಾಳೆಯನ್ನು ಯಾರೂ ತೆಗೆಯಲಿಲ್ಲವಂತೆ. ಟೆಕ್ಸಸ್ಸಿನವರು ಹಿಮಕ್ಕೆ ಹೋಗುವುದೆಂದರೆ ಕಾರಿನ ತುಂಬ ಚಪಾತಿ ಸುತ್ತಿಕೊಂಡು ಕೊಲೊರಾಡೊಗೆ ಹೋಗುವುದು ವಾಡಿಕೆ. ಆದರೆ ವಸುಧಾ ಒಂದು ಭಾನುವಾರ ಕಾಫಿ ಲೋಟ ಕೆಳಗಿಟ್ಟು ಹೇಳಿಬಿಟ್ಟಳು: "ನೋಡ್ರಿ, ಜನವರಿಗೆ ನನಗ ಐವತ್ತು ತುಂಬ್ತಾವ. ಅವತ್ತು ನಾ ಆಲ್ಪ್ಸ್‌ನಾಗ ಬೆಟ್ಟದ ತುದಿಯಿಂದ ಕೆಳಗ ಸ್ಕೀ ಮಾಡ್ಕೋತ ಬರಬೇಕು. ಮತ್ತ ಆ ಒಂದು ವಾರ ಒಲಿ ಮುಂದ ನಿಂದ್ರೂದಿಲ್ಲ." ನಾವಿರುವ, ಡಾಲಸ್ ಪಕ್ಕದ ಪ್ರಾಸ್ಪರ್‌ನಲ್ಲಿ ನೆಲ ಕಾವಲಿಯ ಹಾಗೆ ಸಪಾಟಾಗಿದೆ. ನಮ್ಮ ಬಡಾವಣೆಯ ಹೆಸರಿನಲ್ಲಿ 'ಹಿಲ್ಸ್' ಎಂದಿದ್ದರೂ, ಇರುವ ಒಂದೇ ದಿಬ್ಬ ಆ ಹೆಸರಿನ ಹಲಗೆ ನೆಡುವುದಕ್ಕೆ ಬಿಲ್ಡರ್ ಮಣ್ಣು ಸುರಿದು ಮಾಡಿದ್ದು. ಅದನ್ನೇ ನೋಡುತ್ತ ಬದುಕಿರುವ ಹೆಂಗಸಿಗೆ ಬೆಟ್ಟದ ಆಸೆ ಇಷ್ಟು ದಿನ ಎಲ್ಲಿ ಅಡಗಿತ್ತೋ ನನಗೆ ತಿಳಿಯಲಿಲ್ಲ. ನಾನು "ಆಗಲಿ" ಎಂದೆ. ಹೊರಡುವುದಕ್ಕೆ ಇನ್ನೂ ಒಂಬತ್ತು ತಿಂಗಳಿದ್ದುದರಿಂದ ಧೈರ್ಯವಾಗಿಯೇ ಅಂದೆ.

ಒಲೆ ಬೇಡ ಎಂದವಳಿಗೆ ಹೋಟೆಲ್ ಬುಕ್ ಮಾಡಬೇಕಾಗಿತ್ತು. ಆದರೆ ನಾನು ಮೈಸೂರಿನವನು. ವಾರವಿಡೀ ಚೀಸು ಬ್ರೆಡ್ಡಿನಲ್ಲಿ ಕಳೆಯುವ ಮನುಷ್ಯ ನಾನಲ್ಲ. ಹ್ಯೂಸ್ಟನ್ನಿನ ಆಚೆ ಫುಲ್‌ಶೀರ್‌ನಲ್ಲಿರುವ ನನ್ನ ಗೆಳೆಯ ಶ್ರೀಧರ, ಉಡುಪಿಯವನು, ಎರಡು ವರ್ಷದ ಹಿಂದೆ ಅಲ್ಲಿಗೆ ಹೋಗಿಬಂದಿದ್ದ. ಫೋನಿನಲ್ಲಿ ಕೇಳಿದರೆ, "ಮಾರಾಯ, ಹೋಟೆಲ್ ಬೇಡ. ನಾವಿದ್ದ ಅಪಾರ್ಟ್‌ಮೆಂಟೇ ತಗೋ. ಚಿಕ್ಕದು, ಆದ್ರೆ ಕಿಚನ್ ಉಂಟು. ಒಂದೇ ವಿಷಯ, ಓನರ್ ಹೆಂಗಸು ಕೆಳಗೇ ಇರ್ತಾರೆ. ಒಂದು ಚಮಚ ಜಾಗ ಬದಲಾದ್ರೂ ಅವರಿಗೆ ಗೊತ್ತಾಗ್ತದೆ" ಎಂದ. ನಾನು ವಸುಧಾಗೆ 'ಹೋಟೆಲಿನ ತರಹದ್ದೇ ಒಂದು ಜಾಗ' ಎಂದು ಹೇಳಿ ಬುಕ್ ಮಾಡಿದೆ. ಈ 'ತರಹದ್ದೇ' ಎಂಬ ಮಾತು ನಮ್ಮ ಮದುವೆಯಲ್ಲಿ ತುಂಬ ದುಡಿದಿದೆ.

ವೆಬ್‌ಸೈಟಿನ ಚಿತ್ರಗಳಲ್ಲಿ ಆ ಮನೆ ಒಂದು ಸಣ್ಣ ಛತ್ರದಷ್ಟು ಕಾಣುತ್ತಿತ್ತು. ಬಾಗಿಲು ತೆಗೆದು ನೋಡಿದರೆ ನಮ್ಮ ಪ್ರಾಸ್ಪರಿನ ಗರಾಜಿನಲ್ಲಿ ಇಡೀ ಮನೆಯನ್ನಿಟ್ಟು, ಮಿಕ್ಕ ಜಾಗದಲ್ಲಿ ಒಂದು ಕಾರು ನಿಲ್ಲಿಸಬಹುದಾಗಿತ್ತು. ಓಡಾಡುವ ದಾರಿಯಲ್ಲೇ ಒಂದರ ಮೇಲೊಂದು ಎರಡು ಮಂಚ. ಬಚ್ಚಲಿನ ಬಾಗಿಲು ತೆರೆದರೆ ಊಟದ ಮೇಜಿಗೆ ಬಡಿಯುತ್ತದೆ, ಆದ್ದರಿಂದ ಒಬ್ಬರು ಊಟಕ್ಕೆ ಕೂತಿದ್ದರೆ ಇನ್ನೊಬ್ಬರು ಸ್ನಾನ ಮುಗಿಸಿ ಈಚೆ ಬರುವಂತಿಲ್ಲ. ಪ್ರಾಸ್ಪರಿನ ಮನೆಯಲ್ಲಿ ನಾವು ಒಬ್ಬರನ್ನೊಬ್ಬರು ಊಟಕ್ಕೆ ಕರೆಯಲು ಫೋನ್ ಮಾಡುವವರು. ಇಲ್ಲಿ ನಾನು ಬೆನ್ನು ಕೆರೆದುಕೊಂಡರೆ ಮೊಣಕೈ ಮಗಳಿಗೆ ತಗಲುತ್ತಿತ್ತು. ಮಗಳು ಅನಘಾ ಆಸ್ಟಿನ್ನಿನಲ್ಲಿ ಓದುತ್ತಿದ್ದಾಳೆ, ರಜೆಗೆ ನಮ್ಮ ಜೊತೆ ಬಂದಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಒಳಗೆ ಕಾಲಿಟ್ಟವಳೇ, "ಅಪ್ಪಾ, ವೇರ್ ಈಸ್ ದ ರೆಸ್ಟ್ ಆಫ್ ಇಟ್?" ಎಂದು ಕೇಳಿದಳು.

ಮನೆಯ ಒಡತಿ ಮಾರ್ಥಾ, ಎಪ್ಪತ್ತರ ಹತ್ತಿರದ ಗಟ್ಟಿಮುಟ್ಟಾದ ಹೆಂಗಸು, ಪ್ಲಾಸ್ಟಿಕ್ ಹೊದಿಸಿದ ಸಾಮಾನಿನ ಪಟ್ಟಿಯೊಂದನ್ನು ಹಿಡಿದು ನಿಂತಿದ್ದರು. ಮುರುಕು ಇಂಗ್ಲಿಷಿನಲ್ಲಿ ಒಂದೊಂದಾಗಿ ಓದಿದರು. ಚಮಚ ಆರು. ಬೇಯಿಸಿದ ಮೊಟ್ಟೆ ಕೂರಿಸುವ ಬಟ್ಟಲು ಆರು. ಚೀಸ್ ಕರಗಿಸುವ ಪಾತ್ರೆ ಒಂದು. ಅವರು ಓದಿದಂತೆ ನಾನು ಆಯಾ ವಸ್ತುವನ್ನು ಎತ್ತಿ ತೋರಿಸಬೇಕು. ಮೇಷ್ಟ್ರು ಹಾಜರಿ ಕರೆದಂತಿತ್ತು. ಆಮೇಲೆ ನಿಯಮಗಳು: ಮಧ್ಯಾಹ್ನ ಹನ್ನೆರಡರಿಂದ ಎರಡು ಗಂಟೆ ಸದ್ದು ಮಾಡಬಾರದು, ಬಾಟಲಿಗಳನ್ನು ಬಣ್ಣ ನೋಡಿ ಬೇರೆ ಬೇರೆ ಡಬ್ಬಕ್ಕೆ ಹಾಕಬೇಕು, ಹೋಗುವ ದಿನ ಕಸ ಗುಡಿಸಿ ಒರೆಸಿ ಮನೆ ಒಪ್ಪಿಸಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಸ್ಕೀ ಬೂಟುಗಳು ಯಾವ ಕಾರಣಕ್ಕೂ ಮಹಡಿ ಹತ್ತಬಾರದು. ಅವಕ್ಕೆ ನೆಲಮಾಳಿಗೆಯಲ್ಲಿ ಬೇರೆಯೇ ಒಂದು ಕೋಣೆ ಇದೆ. ನಾನು ಎಲ್ಲಕ್ಕೂ "ಯಾ, ಯಾ" ಎಂದೆ. ನನಗೆ ಬರುವ ಜರ್ಮನ್ ಅಷ್ಟೇ.

ಇನ್ನು ನನ್ನ ಹೆದರಿಕೆಯ ವಿಷಯ. ನನಗೆ ಜಾರುವುದೆಂದರೆ ಆಗುವುದಿಲ್ಲ. ಇದು ಈ ಹಿಮದಿಂದ ಬಂದದ್ದಲ್ಲ. ಆರು ವರ್ಷದವನಿದ್ದಾಗ ಮೈಸೂರಿನ ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಜಾರುಬಂಡೆಯ ಮೆಟ್ಟಿಲು ಹತ್ತಿ, ಮೇಲೆ ಕೂತು, ಕೆಳಗೆ ನೋಡಿ, ಹತ್ತಿದ ಮೆಟ್ಟಿಲಿನಿಂದಲೇ ವಾಪಸು ಇಳಿದವನು ನಾನು. ನನ್ನ ಹಿಂದೆ ಸಾಲಾಗಿ ನಿಂತಿದ್ದ ಎಂಟು ಮಕ್ಕಳೂ ನನಗೋಸ್ಕರ ಹಿಮ್ಮುಖವಾಗಿ ಇಳಿಯಬೇಕಾಯಿತು. ಅವರಲ್ಲೊಬ್ಬ ಈಗ ಬೆಂಗಳೂರಿನಲ್ಲಿ ದೊಡ್ಡ ವಕೀಲ, ಈಗಲೂ ಸಿಕ್ಕಾಗ ಅದನ್ನೇ ಎತ್ತುತ್ತಾನೆ. ಇಂಥವನು ಮೊದಲನೆಯ ದಿನ ಬಾಡಿಗೆಯ ಬೂಟು ತೊಟ್ಟು, ಎರಡು ಉದ್ದನೆಯ ಹಲಗೆಗಳ ಮೇಲೆ, ಪುಟ್ಟ ಮಕ್ಕಳು ಕಲಿಯುವ ಇಳಿಜಾರಿನಲ್ಲಿ ನಿಂತೆ. ನಾನೇನೂ ಮಾಡಲಿಲ್ಲ. ಆದರೂ ನೆಲ ಹಿಂದಕ್ಕೆ ಹೋಗತೊಡಗಿತು. ತಲೆಗಿಂತ ದೊಡ್ಡ ಹೆಲ್ಮೆಟ್ ಹಾಕಿದ್ದ ನಾಲ್ಕು ವರ್ಷದ ಪೋರಿಯೊಬ್ಬಳು ನನ್ನನ್ನು ಸುತ್ತಿ ಬಳಸಿ ಮುಂದೆ ಹೋದಳು. ನಾನು ಮೆಲ್ಲಗೆ ಕೂತೆ. ಎದ್ದಾಗ ನನಗೆ ಮೊಣಕಾಲು ನೋಯುತ್ತಿತ್ತು ಎಂದು ಎಲ್ಲರಿಗೂ ಹೇಳಿದೆ. "ಹಳೇ ಷಟಲ್ ಆಟದ ಪೆಟ್ಟು ವಸು. ನೀನು ಕಲಿ. ಈ ವಾರ ನಿನ್ನದು. ನಾನು ಮನೆಯಲ್ಲಿದ್ದು ಅಡುಗೆ ನೋಡಿಕೊಳ್ಳುತ್ತೇನೆ" ಎಂದು ಘೋಷಿಸಿದೆ. ವಸುಧಾ ಒಂದು ನಿಮಿಷ ನನ್ನನ್ನೇ ನೋಡಿ, "ಹೌದ್ರೀ?" ಎಂದಳು. ಅಷ್ಟೇ. ಆ ಎರಡಕ್ಷರದಲ್ಲಿ ಏನಿತ್ತೋ ನಾನು ಆಗ ವಿಚಾರಿಸಲು ಹೋಗಲಿಲ್ಲ.

ಹೀಗೆ ನನ್ನ ತ್ಯಾಗ ಶುರುವಾಯಿತು. ಬೆಳಗ್ಗೆ ಎಂಟೂವರೆಗೆ ತಾಯಿ ಮಗಳು ಹೊರಡುವರು. ಅನಘಾ ಮೊದಲೇ ಕಲಿತವಳಾದ್ದರಿಂದ ಎಲ್ಲೋ ಮೇಲಿನ ಗುಂಪಿಗೆ, ವಸುಧಾ ಹೊಸಬರ ಗುಂಪಿಗೆ. ನಾನು ಕಿಟಕಿಯ ಪಕ್ಕ ಕಾಫಿ ಹಿಡಿದು ಕೂತು, ದೂರದಲ್ಲಿ ಕೆಂಪು ಕೋಟೊಂದು ಬೀಳುವುದನ್ನೂ ಏಳುವುದನ್ನೂ ನೋಡುವೆನು. ಕೆಂಪು ಕೋಟು ಅವಳು ಬೇಕೆಂದೇ ಕೊಂಡದ್ದು. ಆಮೇಲೆ ಎರಡು ಕಾಯಿಲ್ ಇದ್ದ ಕರೆಂಟ್ ಒಲೆಯ ಮೇಲೆ ಸಾರು, ಅನ್ನ, ಮೊಳಕೆ ಬಾರದ ಹೆಸರುಕಾಳಿನ ಉಸಲಿ. ಸಂಜೆ ಅವರು ಒದ್ದೆಯಾಗಿ ಬಂದು ಬಾಯಿ ತುಂಬ ಹೊಗಳುವರು. ಬಡಿಸುವಾಗ ಸ್ವಲ್ಪ ಕುಂಟಲು ನಾನು ಮರೆಯುತ್ತಿರಲಿಲ್ಲ. ಮಾಡುತ್ತ ಮಾಡುತ್ತ ನನಗೇ ನನ್ನ ಮೇಲೆ ಗೌರವ ಬರತೊಡಗಿತು. ಸುಳ್ಳಿಗೆ ಇರುವ ದೊಡ್ಡ ಗುಣವೆಂದರೆ ನಾಲ್ಕು ದಿನ ಅನ್ನ ಹಾಕಿದರೆ ಅದು ಮನೆಯವರಂತೆಯೇ ಆಗಿಬಿಡುತ್ತದೆ.

ಈ ಹೊಗಳಿಕೆಯ ಅಮಲಿನಲ್ಲೇ ದೋಸೆಯ ಯೋಜನೆ ಹುಟ್ಟಿದ್ದು. ಕೊನೆಯ ದಿನ ವಸುಧಾಳ ಹುಟ್ಟುಹಬ್ಬ. ಅವತ್ತೇ ಅವಳ ಗುಂಪು ಬೆಟ್ಟದ ತುದಿಯಿಂದ ಕೆಳಗಿನವರೆಗೂ ಇಳಿದು ಬರುವ ದಿನ. ಅವಳು ಎದ್ದ ಕೂಡಲೇ ಮುಂದೆ ಗರಿಗರಿ ದೋಸೆ ಇಡಬೇಕು, ಗುಟ್ಟಾಗಿ. ದೋಸೆಯಿಲ್ಲದೆ ವಾರ ಕಳೆಯಲಾಗದೆಂದು ನಾನು ಮೊದಲೇ ಪ್ರಾಸ್ಪರಿನಿಂದ ಅಕ್ಕಿ ಹಿಟ್ಟು, ಉದ್ದಿನ ಹಿಟ್ಟು, ಮೆಂತ್ಯದ ಪುಡಿ, ಜೊತೆಗೆ ಬೀಡಿನ ಕಾವಲಿಯನ್ನೂ ಒಳ ಅಂಗಿಗಳಲ್ಲಿ ಸುತ್ತಿ ತಂದಿದ್ದೆ. ವಿಮಾನ ನಿಲ್ದಾಣದಲ್ಲಿ ಅದನ್ನು ಬಿಚ್ಚಿದ ಅಧಿಕಾರಿ ಕಾವಲಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನನ್ನನ್ನು ಕರುಣೆಯಿಂದ ನೋಡಿದ್ದ. ಮೂರನೆಯ ದಿನ ಪರೀಕ್ಷೆಗೆಂದು ಸ್ವಲ್ಪ ಹಿಟ್ಟು ಕಲಸಿಟ್ಟೆ. ಅದು ಉಬ್ಬಲಿಲ್ಲ. ಪ್ರಾಸ್ಪರಿನಲ್ಲಿ ಬೇಸಿಗೆಯಲ್ಲಿ ಹಿಟ್ಟನ್ನು ಗರಾಜಿನಲ್ಲಿಟ್ಟು ತರಕಾರಿ ತರಲು ಹೋಗಿಬರುವಷ್ಟರಲ್ಲಿ ಅದು ಮುಚ್ಚಳ ಎತ್ತಿ ನಮ್ಮ ದಾರಿ ನೋಡುತ್ತಿರುತ್ತದೆ. ಚಳಿಗಾಲಕ್ಕೂ ಉಪಾಯಗಳಿವೆ. ಅವನ್‌ನಲ್ಲಿ ದೀಪ ಹಾಕಿಡುವವರಿದ್ದಾರೆ, ಆಸ್ಟಿನ್ ಹತ್ತಿರ ಜಾರ್ಜ್‌ಟೌನಿನ ನಮ್ಮ ಪರಿಚಯದ ಆಂಟಿಯೊಬ್ಬರು ಪಾತ್ರೆಗೆ ಮೊಮ್ಮಗನ ಸ್ವೆಟರನ್ನೇ ತೊಡಿಸುತ್ತಾರೆ. ಇಲ್ಲಿ ಅವನ್ ಇರಲಿಲ್ಲ. ಬೆಚ್ಚಗಿರಲಿ ಎಂದು ಪಾತ್ರೆಯನ್ನು ಮೇಲಿನ ಮಂಚದಲ್ಲಿ ರಜಾಯಿಯ ಒಳಗೆ ಮಲಗಿಸಿದೆ. ಮಧ್ಯಾಹ್ನ ಬೇಗ ಬಂದ ಅನಘಾ, "ಅಪ್ಪಾ, ವೈ ಈಸ್ ದೇರ್ ಎ ಪಾಟ್ ಇನ್ ಮೈ ಬೆಡ್?" ಎಂದಳು. ಗುಟ್ಟು ಅವಳಿಗೆ ಹೇಳಬೇಕಾಯಿತು. ಮಂಚದಲ್ಲೂ ಆ ಹಿಟ್ಟು ಸುಣ್ಣದ ಹಾಗೆ ಬಿದ್ದುಕೊಂಡಿತ್ತು.

ಪರಿಹಾರ ಸಿಕ್ಕಿದ್ದು ನೆಲಮಾಳಿಗೆಯಲ್ಲಿ. ಐದನೆಯ ದಿನ ಸಂಜೆ ವಸುಧಾಳ ಒದ್ದೆ ಬೂಟುಗಳನ್ನು ಇಟ್ಟುಬರಲು ನಾನು ಕೆಳಗೆ ಹೋದೆ. ಗಂಡಸಿನ ಮಟ್ಟಿಗೆ ನನ್ನ ಕಾಲು ಚಿಕ್ಕದು, ಅವಳದು ಸ್ವಲ್ಪ ಉದ್ದ, ಇಬ್ಬರ ಬೂಟಿನ ಅಳತೆಯೂ ಒಂದೇ. ಅವಳ ಜೋಡಿಯನ್ನು ನನ್ನ ಜೋಡಿಯ ಪಕ್ಕ, ಒಳಗೆ ಗಾಳಿಯಾಡಲೆಂದು ಬಾಯಿ ಅಗಲಿಸಿ ನಿಲ್ಲಿಸಿದೆ. ಆಗ ಆ ಕೋಣೆಯ ಶಾಖ ಮುಖಕ್ಕೆ ಬಡಿಯಿತು. ಗೋಡೆಯುದ್ದಕ್ಕೂ ಬಿಸಿನೀರಿನ ಕೊಳವೆ, ಅದರ ಪಕ್ಕ ಬೂಟುಗಳಿಗೆ ಒಂದು ಹಲಗೆ, ಅದರ ಮೇಲೆ ಟೊಪ್ಪಿಗೆ ಕೈಗವಸುಗಳಿಗೆ ಇನ್ನೊಂದು ಹಲಗೆ. ಸಾಕ್ಷಾತ್ ಟೆಕ್ಸಸ್ಸಿನ ಜೂನ್ ತಿಂಗಳು! ನನಗೆ ಆನಂದದಿಂದ ಕಣ್ಣು ಮಂಜಾಯಿತು. ಮೇಲೆ ಓಡಿ, ಹಳೆಯ ಸೋಲಿನ ಸಿಟ್ಟಿಗೆ ಎರಡರಷ್ಟು ಹಿಟ್ಟು ಕಲಸಿ, ಪಟ್ಟಿಯಲ್ಲಿದ್ದ 'ಆಲೂಗಡ್ಡೆ ಪಾತ್ರೆ ಒಂದು' ಎಂಬುದರಲ್ಲಿ ಮುಕ್ಕಾಲು ತುಂಬಿ, ತಂದು ಮೇಲಿನ ಹಲಗೆಯಲ್ಲಿಟ್ಟೆ. ಯಾರಿಗೂ ಕಾಣದಂತೆ ಅಡ್ಡಲಾಗಿ ಯಾರದೋ ಉಣ್ಣೆಯ ಟೊಪ್ಪಿಗೆ ಸರಿಸಿದೆ. ಇನ್ನೇನು, ಬೆಳಗ್ಗೆ ಎದ್ದು ಹುಯ್ಯುವುದೊಂದೇ ಬಾಕಿ.

ಬೆಳಗ್ಗೆ ಏಳಕ್ಕೆ ಸದ್ದಿಲ್ಲದೆ ಕೆಳಗಿಳಿದು ಬಾಗಿಲು ತೆಗೆದರೆ ಮಾರ್ಥಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. ಕೋಣೆಯ ತುಂಬ ಹದವಾಗಿ ಹುಳಿಬಂದ ಹಿಟ್ಟಿನ ವಾಸನೆ. ಪಾತ್ರೆಯ ಮುಚ್ಚಳ ಓರೆಯಾಗಿತ್ತು. ಹಿಟ್ಟು ಪಾತ್ರೆಯನ್ನು ದಾಟಿ, ಹಲಗೆಯನ್ನು ದಾಟಿ, ಅವಸರವಿಲ್ಲದೆ ಬಿಳಿಯ ಧಾರೆಯಾಗಿ ಇಳಿದು ವಸುಧಾಳ ಎಡಗಾಲಿನ ಬೂಟನ್ನು ಕಂಠದವರೆಗೆ ತುಂಬಿ, ಬಲಗಾಲಿನದಕ್ಕೂ ಕೈ ಹಾಕಿತ್ತು. ಪಕ್ಕದಲ್ಲಿದ್ದ ನನ್ನ ಬೂಟುಗಳ ಮೇಲೆ ಒಂದು ಹನಿಯೂ ಇರಲಿಲ್ಲ. "ಇದು ನಿಮ್ಮದೋ?" ಎಂದರು ಮಾರ್ಥಾ. ಒಂದು ಗಳಿಗೆ ಇಲ್ಲ ಎನ್ನೋಣವೇ ಎಂದು ಯೋಚಿಸಿದೆ. ಆದರೆ ಆ ಕಟ್ಟಡದಲ್ಲಿದ್ದ ಮಿಕ್ಕವರು ಡಚ್ಚರು ಮತ್ತು ಜರ್ಮನರು. ದೋಸೆ ಹಿಟ್ಟಿನ ಆರೋಪ ಅವರ ಮೇಲೆ ನಿಲ್ಲುವಂಥದ್ದಲ್ಲ. "ನನ್ನದೇ" ಎಂದೆ.

ಅವರು ಪಾತ್ರೆಯ ಅಂಚಿಗೆ ಬೆರಳು ತಾಕಿಸಿ, ಮೂಸಿ, ನಾಲಿಗೆಗೆ ಹಚ್ಚಿಕೊಂಡರು. "ಯೀಸ್ಟ್ ಎಷ್ಟು ಹಾಕಿದಿರಿ?" ಎಂದು ಕೇಳಿದರು. ಹಾಕಿಲ್ಲ ಎಂದೆ. "ತಾನಾಗಿಯೇ ಇಷ್ಟು ಬಂತೇ?" ಎಂದರು. ತಾನಾಗಿಯೇ ಎಂದೆ. ಅವರ ಹುಬ್ಬು ಮೇಲೇರಿತು, ಮೊದಲ ಸಲ ನನ್ನನ್ನು ಮನುಷ್ಯನಂತೆ ನೋಡಿದರು. ಆಮೇಲೆ ಒಂದು ಸ್ಟೂಲ್ ಎಳೆದು ಹತ್ತಿ, ಮೇಲಿನ ಹಲಗೆಯ ತುದಿಯಲ್ಲಿದ್ದ ಟೊಪ್ಪಿಗೆಗಳ ರಾಶಿಯನ್ನು ಸರಿಸಿದರು. ಹಿಂದೆ ಚೌಕಳಿ ಬಟ್ಟೆ ಮುಚ್ಚಿದ ಒಂದು ಬೋಗುಣಿ! ಅವರ ಬ್ರೆಡ್ಡಿನ ಹಿಟ್ಟು. ಬೂಟಿನ ಕೋಣೆಗೆ ಅಷ್ಟೆಲ್ಲ ನಿಯಮ ಮಾಡಿದ ಹೆಂಗಸು ತಾನೇ ಅಲ್ಲಿ ವರ್ಷಗಟ್ಟಲೆ ಕದ್ದು ಹಿಟ್ಟು ಹುದುಗಿಸುತ್ತಿದ್ದರು. ಬೋಗುಣಿಯ ಕೆಳಗಿದ್ದ ಅಗಲವಾದ ತಟ್ಟೆಯನ್ನು ಉಗುರಿನಿಂದ ಕುಟ್ಟಿ, ನನ್ನ ಮುಖದ ಮುಂದೆ ಬೆರಳಾಡಿಸಿ, "ತಟ್ಟೆ! ಕೆಳಗೆ ತಟ್ಟೆ ಇಡಬೇಕು!" ಎಂದು ಗದರಿದರು. ಇದೇ ಮಾತನ್ನು ನಮ್ಮಮ್ಮ ಮೈಸೂರಿನಲ್ಲಿ ಹೇಳಿದ್ದರು, ವಸುಧಾ ಪ್ರಾಸ್ಪರಿನಲ್ಲಿ ವಾರಕ್ಕೊಮ್ಮೆ ಹೇಳುತ್ತಾಳೆ. ಮಾರ್ಥಾ ನನ್ನ ಕೈಗೆ ಬಕೆಟ್ಟು ಬ್ರಷ್ಷು ಕೊಟ್ಟು ಮೇಲೆ ಹೋದರು.

ಬೂಟಿನಲ್ಲಿದ್ದ ಹಿಟ್ಟನ್ನು ವಾಪಸು ಪಾತ್ರೆಗೆ ಹಾಕುವ ಯೋಚನೆ ನನಗೆ ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಆದರೆ ಒಂದೇ ಕ್ಷಣ ಇತ್ತು. ಬೂಟನ್ನು ತಲೆಕೆಳಗು ಮಾಡಿ, ಹಿಟ್ಟು ಕಲಕಿ ನೋಡಲೆಂದು ತಂದಿದ್ದ ಸೌಟಿನಿಂದ ಕೆರೆಯುತ್ತಿದ್ದಾಗ ಹಿಂದಿನಿಂದ, "ರೀ, ಅದು ನನ್ನ ಬೂಟಲ್ಲೇನ್ರಿ?" ಎಂದು ಕೇಳಿಸಿತು. ವಸುಧಾ. ಹುಟ್ಟುಹಬ್ಬದ ಸಡಗರಕ್ಕೆ ಬೇಗ ಎದ್ದು, ಕೆಂಪು ಕೋಟು ಹಾಕಿಕೊಂಡು ಬೂಟು ತೊಡಲು ಇಳಿದುಬಂದಿದ್ದಳು. ನಾನು ಎದ್ದು ನಿಂತು, ಒಂದು ಕೈಯಲ್ಲಿ ಬೂಟು ಒಂದು ಕೈಯಲ್ಲಿ ಸೌಟು ಹಿಡಿದು, "ಹುಟ್ಟುಹಬ್ಬದ ಶುಭಾಶಯ" ಎಂದೆ.

ಅವಳು ಬೂಟಿನೊಳಗೆ ನೋಡಿದಳು. ನಾನು ಎಲ್ಲ ಹೇಳಿದೆ, ಕಾವಲಿ ತಂದದ್ದರಿಂದ ಹಿಡಿದು. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಬೆಂಚಿನ ಮೇಲೆ ಕೂತಳು. ಅವಳ ಗುಂಪು ಕೇಬಲ್ ಕಾರಿನಲ್ಲಿ ಮೇಲಕ್ಕೆ ಹೊರಡುವುದು ಒಂಬತ್ತಕ್ಕೆ, ಬೂಟು ಬಾಡಿಗೆಗೆ ಕೊಡುವ ಅಂಗಡಿ ತೆರೆಯುವುದು ಒಂಬತ್ತೂವರೆಗೆ, ಮಾರನೆಯ ದಿನ ನಮ್ಮ ವಿಮಾನ. ನಾಲ್ಕು ದಶಕ ಕಾದಿಟ್ಟ ಒಂದು ಬೆಳಗ್ಗೆಗೆ ನಾನು ಹಿಟ್ಟು ಸುರಿದಿದ್ದೆ. ಅವಳ ಕಣ್ಣು ತುಂಬಿತ್ತು. ಆಗ ನನ್ನ ಬೂಟುಗಳು ಕಣ್ಣಿಗೆ ಬಿದ್ದವು. "ವಸು, ನನ್ನದು ಹಾಕ್ಕೋ! ಅಳತೆ ಒಂದೇ!" ಎಂದು ಕೂಗಿ ಮುಂದೆ ತಂದಿಟ್ಟೆ. ನಿಜ ಹೇಳಬೇಕೆಂದರೆ, ಅಂಥ ಹೊತ್ತಿನಲ್ಲೂ ನನ್ನ ಮನಸ್ಸಿನ ಒಂದು ಮೂಲೆ, ಬೂಟು ಅವಳಿಗೆ ಹೋದರೆ ನನ್ನನ್ನು ಯಾರೂ ಸ್ಕೀ ಮಾಡು ಎನ್ನುವಂತಿಲ್ಲ ಎಂದು ಸಂತೋಷಪಟ್ಟಿತು.

ಅವಳು ಬೂಟನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. "ಐದು ದಿವಸದಾಗ ಒಂದ ಹೊಸ ಗೀರೂ ಬಿದ್ದಿಲ್ಲ ನೋಡ್ರಿ" ಎಂದಳು.

"ಮೊಣಕಾಲು…" ಎಂದೆ.

"ಮೊಣಕಾಲಿಗೆ ಏನೂ ಆಗಿಲ್ಲ ಅಂತ ನನಗ ಮೊದಲನೇ ದಿವಸನ ಗೊತ್ತದ. ತಾಟ ತರೂ ಮುಂದ ಎಡಗಾಲು ಕುಂಟತೀರಿ, ಒಯ್ಯೂ ಮುಂದ ಬಲಗಾಲು ಕುಂಟತೀರಿ. ನಾ ಡಾಕ್ಟರ್ ಅದೀನಿ, ನೆನಪದ ಇಲ್ಲೋ?"

ನಾನು ಸೌಟು ಕೆಳಗಿಟ್ಟೆ.

"ನನಗ ದ್ವಾಶಿ ಬೇಕಂತ ಯಾರ ಹೇಳಿದ್ರು?" ಎಂದಳು. ದನಿ ಏರಿರಲಿಲ್ಲ. "ಒಲಿ ಬ್ಯಾಡ ಅಂದಿದ್ದು ನಿಮ್ಮನ್ನ ಒಲಿ ಮುಂದ ನಿಲ್ಲಸಲಿಕ್ಕಲ್ಲ. ಇಬ್ಬರೂ ಕೂಡೇ ಇರೋಣು ಅಂತ. ಮಗಳು ಮ್ಯಾಲೆಲ್ಲೋ ಹೋಗ್ತಾಳ. ಐದು ದಿವಸ ನಾ ಎಷ್ಟ ಸಲ ಬಿದ್ದೆ ಗೊತ್ತೇನು? ಬಿದ್ದಾಗ ನೋಡಿ ನಗಲಿಕ್ಕೆ ಬಾಜೂಕ ಒಬ್ಬರೂ ನಮ್ಮವರಿರಲಿಲ್ಲ."

ಕಿಟಕಿಯ ಪಕ್ಕ ಕಾಫಿ ಹಿಡಿದು ನಾನು ನೋಡುತ್ತಿದ್ದೆ ಎಂದು ಹೇಳಬಹುದಾಗಿತ್ತು, ಆದರೆ ಅದು ಇನ್ನೂ ಅಸಹ್ಯವಾಗಿ ಕೇಳಿಸುತ್ತಿತ್ತು. ಐದು ದಿನ ನಾನು ಸಾರು ಬಡಿಸಿದ ಪ್ರತಿ ಹೊತ್ತೂ ಅವಳಿಗೆ ನಿಜ ಗೊತ್ತಿತ್ತು, ಗೊತ್ತಿದ್ದೂ ಚೆನ್ನಾಗಿದೆ ಎಂದು ಇನ್ನೊಂದು ಸೌಟು ಹಾಕಿಸಿಕೊಂಡಿದ್ದಳು. ಬಹಳ ನಾಚಿಕೆಯಾಯಿತು. ಅವಳು ನನ್ನ ಬೂಟು ತೊಟ್ಟು, ಕೊಂಡಿಗಳನ್ನು ಟಕಟಕನೆ ಬಿಗಿದು, ಎದ್ದು ನಿಂತು ಮೂಗು ಒರೆಸಿಕೊಂಡಳು. "ಹುಟ್ಟಿದಹಬ್ಬಕ್ಕ ಏನರೆ ಕೊಡಬೇಕಂತ ಇದ್ರ, ಆ ಬೂಟು ತೊಳದು ಒಣಗಸ್ರಿ. ಹನ್ನೊಂದಕ್ಕ ನಾ ಕೆಳಗ ಬರ್ತೇನಿ. ಬರೂದರಾಗ ನೀವು ಅದನ್ನ ಹಾಕ್ಕೊಂಡು, ಸ್ಕೀ ಕಟ್ಟಿಕೊಂಡು, ಹಿಮದ ಮ್ಯಾಲೆ ನಿಂತಿರಬೇಕು" ಎಂದು ಹೊರಟಳು.

ತೊಳೆದೆ. ದೋಸೆ ಹಿಟ್ಟು ಒಣಗಿದ ಮೇಲೆ ಹೇಗೆ ಅಂಟುತ್ತದೆಂದು ರಾತ್ರಿಯ ಪಾತ್ರೆ ಬೆಳಗ್ಗೆ ತೊಳೆದವರಿಗೆ ಗೊತ್ತಿರುತ್ತದೆ. ಪಾತ್ರೆಗಾದರೆ ಕೈಗೆಟುಕದ ತುದಿಯೂ ಹಿಮ್ಮಡಿಯ ಗುಳಿಯೂ ಇರುವುದಿಲ್ಲ. ಮಾರ್ಥಾ ತಮ್ಮ ಕೂದಲು ಒಣಗಿಸುವ ಯಂತ್ರ ತಂದುಕೊಟ್ಟರು. ಆ ಉಪಕಾರಕ್ಕೆ ಪಾತ್ರೆಯಲ್ಲಿ ಉಳಿದಿದ್ದ ಹಿಟ್ಟಿನಲ್ಲಿ ಎರಡು ದೋಸೆ ಹುಯ್ದು ಕೊಟ್ಟೆ. ಅವರು ಅದಕ್ಕೆ ಏಪ್ರಿಕಾಟ್ ಜಾಮ್ ಸವರಿ, ಸುರುಳಿ ಸುತ್ತಿ ತಿಂದು, ಬಹಳ ಗಂಭೀರವಾಗಿ ತಲೆಯಾಡಿಸಿದರು.

ಹನ್ನೊಂದಕ್ಕೆ ಕಾಲು ಗಂಟೆ ಮೊದಲೇ ನಾನು ಮಕ್ಕಳ ಇಳಿಜಾರಿನ ಬುಡದಲ್ಲಿ, ಎರಡು ಕೋಲು ಊರಿಕೊಂಡು ನಿಂತಿದ್ದೆ. ಬೂಟಿನ ಒಳಗೆ ಇನ್ನೂ ಬೆಚ್ಚಗೆ, ತೇವವಾಗಿ, ಸ್ವಲ್ಪ ಹುಳಿಯಾಗಿತ್ತು. ಪಕ್ಕದಲ್ಲಿ ಸಾಲುಗಟ್ಟಿದ್ದ ಪುಟಾಣಿಗಳು ಮೂಗರಳಿಸಿ ಒಬ್ಬರನ್ನೊಬ್ಬರು ನೋಡಿಕೊಂಡರು. ಮೇಲಿನ ಕ್ಲಾಸು ಬಿಟ್ಟು ಬಂದಿದ್ದ ಅನಘಾ ಫೋನ್ ಹಿಡಿದು, "ಅಪ್ಪಾ, ಜಸ್ಟ್ ಡೋಂಟ್ ಮೂವ್" ಎಂದಳು. ಅದೊಂದು ನಾನು ಮನಸಾರೆ ಪಾಲಿಸಬಹುದಾದ ಮಾತಾಗಿತ್ತು.

ಆಮೇಲೆ ಮೇಲಿನಿಂದ ಕೆಂಪು ಚುಕ್ಕೆಯೊಂದು ಕಾಣಿಸಿತು. ಹಿಮದ ಮೇಲೆ ಅಡ್ಡಡ್ಡಲಾಗಿ ಗೆರೆ ಎಳೆದುಕೊಂಡು, ಪ್ರತಿ ತಿರುವಿನಲ್ಲೂ ಒಮ್ಮೆ ನಿಂತು, ಯೋಚಿಸಿ, ಮತ್ತೆ ಹೊರಡುತ್ತ ಇಳಿಯುತ್ತಿತ್ತು. ಅವಳ ಗುಂಪಿನ ದಪ್ಪನೆಯ ಗೃಹಸ್ಥನೊಬ್ಬ ಬಿದ್ದ, ಅವನನ್ನು ತಪ್ಪಿಸಲು ಹೋಗಿ ಇನ್ನಿಬ್ಬರು ಬಿದ್ದರು. ಅವಳು ಬೀಳಲಿಲ್ಲ. ಮುಖ ಕಾಣುವಷ್ಟು ಹತ್ತಿರ ಬಂದಾಗ ನಾಲಿಗೆಯನ್ನು ತುಟಿಯ ಅಂಚಿನಲ್ಲಿ ಕಚ್ಚಿಕೊಂಡಿದ್ದಳು. ಪಲ್ಯಕ್ಕೆ ಸಣ್ಣಗೆ ಹೆಚ್ಚುವಾಗ ಅವಳು ಹಾಗೆ ಮಾಡುತ್ತಾಳೆ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ನಾನು ಎಲ್ಲಿದ್ದೇನೆ ಎಂಬುದೇ ಮರೆತುಹೋಯಿತು. ಎರಡೂ ಕೋಲು ಬಿಸಾಡಿ "ಭಲೇ ವಸು!" ಎಂದು ಚಪ್ಪಾಳೆ ತಟ್ಟಿದೆ. ತಟ್ಟುತ್ತಿದ್ದಂತೆಯೇ ಹಿಂದಕ್ಕೆ ಜಾರತೊಡಗಿದೆ. ನಿಲ್ಲಿಸುವುದು ಹೇಗೆಂದು ಗೊತ್ತಿರಲಿಲ್ಲ, ಚಪ್ಪಾಳೆಯನ್ನೂ ನಿಲ್ಲಿಸಲಾಗಲಿಲ್ಲ. ಹಾಗೇ ತಟ್ಟುತ್ತ ಹನ್ನೆರಡು ಅಡಿ ಹಿಮ್ಮುಖವಾಗಿ ಸಾಗಿ, ಕಿತ್ತಳೆ ಬಣ್ಣದ ಬಲೆಗೆ ಬೆನ್ನು ಕೊಟ್ಟು ಅಂಗಾತ ಬಿದ್ದೆ.

ವಸುಧಾ ನನ್ನ ಮುಂದೆ ಬಂದು ನಿಂತಳು. ನಕ್ಕಳು. ಕೋಲುಗಳ ಮೇಲೆ ಬಾಗಿ, ಹೊಟ್ಟೆ ಹಿಡಿದುಕೊಂಡು, ಮಾತಾಡಲು ನೋಡಿ ಆಗದೆ ಮತ್ತೆ ನಕ್ಕಳು. ಆ ವಾರದಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿಯೇ ಇರಲಿಲ್ಲ. "ಏಳ್ರಿ, ಏಳ್ರಿ" ಎಂದು ಕೈ ಚಾಚಿದಳು. ನಾನು ಆ ಕೈಯನ್ನು ಬಲವಾಗಿ ಎಳೆದೆ. ಬೆಟ್ಟದ ತುದಿಯಿಂದ ಒಂದು ಸಲವೂ ಬೀಳದೆ ಬಂದ ಹೆಂಗಸು, ಚಾಪೆಯಷ್ಟು ಸಪಾಟಾದ ಜಾಗದಲ್ಲಿ, ಗಂಡನನ್ನು ಎಬ್ಬಿಸಲು ಹೋಗಿ ನನ್ನ ಪಕ್ಕದಲ್ಲಿ ದೊಪ್ಪನೆ ಬಿದ್ದಳು. ಅವಳಿಗೆ ಕಲಿಸುತ್ತಿದ್ದ, ಗುಂಪಿನಲ್ಲಿ ಯಾರು ಎಷ್ಟು ಸಲ ಬಿದ್ದರೆಂದು ಲೆಕ್ಕ ಬರೆದಿಡುತ್ತಿದ್ದ ಹುಡುಗಿ ಗಾಬರಿಯಾಗಿ ಜಾರಿಬಂದಳು. ವಸುಧಾ ಬಿದ್ದಲ್ಲಿಂದಲೇ, ನಗು ತಡೆದುಕೊಂಡು, ಇದನ್ನೂ ಬಿದ್ದೆ ಎಂದೇ ಲೆಕ್ಕ ಹಿಡಿಯುತ್ತೀಯಾ ಎಂದು ಆತಂಕದಿಂದ ಕೇಳಿದಳು. ಆ ಹುಡುಗಿ ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ಗಾಳಿಯನ್ನು ಒಮ್ಮೆ ಮೂಸಿ ನೋಡಿದಳು. "ಇಲ್ಲ, ಇದು ನಿಮ್ಮದಲ್ಲ. ಇದನ್ನು ಅವರ ಹೆಸರಿಗೆ ಬರೆಯುತ್ತೇನೆ" ಎಂದಳು.

ಹೀಗಾಗಿ ಇಡೀ ವಾರ ಒಲೆಯ ಮುಂದಿದ್ದ ನಾನು, ಐದೇ ನಿಮಿಷದಲ್ಲಿ ಎರಡು ಸಲ ಬಿದ್ದವನೆಂದು ಆಲ್ಪ್ಸ್‌ನಲ್ಲಿ ದಾಖಲಾದೆ. ಎರಡನೆಯ ಸಲ ಬಿದ್ದದ್ದು ನನ್ನ ಹೆಂಡತಿ.